ನಾನೇ ಸುತ್ತಿದ ಟೇಪು

ರಗ್ಬಿ ಆಟದಲ್ಲಿ ಚೆಂಡಿನ ಮೇಲೆ ಹತ್ತು ಹನ್ನೆರಡು ಜನ ಬಿದ್ದು ರಾಶಿಯಾಗುತ್ತಾರಲ್ಲ, ಆ ರಾಶಿಯ ತಳದಲ್ಲಿ ಏನೇನು ನಡೆಯುತ್ತದೆ ಎನ್ನುವುದನ್ನು ಊಟದ ಹೊತ್ತಿನಲ್ಲಿ ಹೇಳಬಾರದು. ನಾನು ಆರು ವರ್ಷ ಆ ತಳದಲ್ಲಿ ಬಿದ್ದು ಎದ್ದವನು. ಕಿವಿ ಕಚ್ಚುತ್ತಾರೆ. ಬಿದ್ದವನ ಅಂಗೈ ಮೇಲೆ ಮೊಳೆ ಬೂಟು ಊರಿ ತಿರುವುತ್ತಾರೆ. ಚಡ್ಡಿಗೆ ಕೈ ಹಾಕಿ ಹಿಂಡುತ್ತಾರೆ. ಒಬ್ಬ ನನ್ನ ಬಾಯೊಳಗೆ ಬೆರಳು ಸಿಕ್ಕಿಸಿ ಕೆನ್ನೆಯನ್ನು ಜಗ್ಗಿದ್ದ. ಎರಡು ದಿನ ಅವನ ಬೆರಳಿನ ಮಣ್ಣು ಮತ್ತು ಸಿಗರೇಟಿನ ರುಚಿ ನಾಲಿಗೆಯಿಂದ ಹೋಗಲಿಲ್ಲ. ಇದನ್ನೆಲ್ಲ ಮಾಡುತ್ತಿದ್ದವರು ಸಂಬಳಕ್ಕೆ ಆಡುವವರೂ ಅಲ್ಲ. ಸೋಮವಾರ ಬೆಳಗ್ಗೆ ಟೈ ಕಟ್ಟಿಕೊಂಡು ಟೊರಾಂಟೊ ಟ್ರೇನು ಹತ್ತುವ ಅಕೌಂಟೆಂಟು, ಹಲ್ಲಿನ ಡಾಕ್ಟರು, ಮನೆಗಳಿಗೆ ಮಾಡು ಹಾಕುವವನು, ನನ್ನಂಥ ವರ್ಕ್‌ಶಾಪಿನವನು. ಶನಿವಾರ ಮಧ್ಯಾಹ್ನ ಒಂದೂವರೆ ತಾಸು ಸಿಕ್ಕರೆ ಸಾಕು, ಒಳಗಿದ್ದ ಕೊಳಕೆಲ್ಲ ಹೊರಗೆ.

ಅದಕ್ಕಿಂತ ಹೇಸಿಗೆ ಅನ್ನಿಸುತ್ತಿದ್ದದ್ದು ಆಟ ಮುಗಿದ ಮೇಲಿನ ಸೋಗು. ಎರಡು ಸಾಲಾಗಿ ನಿಂತು ನಡುವೆ ಎದುರಾಳಿಗಳನ್ನು ಹಾಯಿಸಿ ಚಪ್ಪಾಳೆ ತಟ್ಟುವ ಪದ್ಧತಿ ಈ ಆಟದ್ದು. ನೋಡುವವರಿಗೆ ಎಷ್ಟು ಚಂದ! ಆಹಾ, ಎಂಥಾ ಸಜ್ಜನರು ಅನ್ನಬೇಕು. ಹತ್ತು ನಿಮಿಷದ ಹಿಂದೆ ನನ್ನ ಕಿವಿ ಕಚ್ಚಿದ ಬಾಯಿಂದಲೇ ಚೆನ್ನಾಗಿ ಆಡಿದೆ ಎಂದು ಹೊಗಳಿಸಿಕೊಳ್ಳುತ್ತಿದ್ದೆ. ಥ್ಯಾಂಕ್ಸ್ ಅಂತಲೂ ಹೇಳುತ್ತಿದ್ದೆ.

ನಾನು ಧಾರವಾಡದ ಕಡೆಯವನು. ತೊಂಬತ್ಮೂರರಲ್ಲಿ ಕೆನಡಾಕ್ಕೆ ಬಂದೆ. ಓಕ್‌ವಿಲ್‌ನ ಕಾರು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಡೈ, ಅಂದರೆ ತಗಡು ಒತ್ತುವ ಉಕ್ಕಿನ ಅಚ್ಚುಗಳ, ರಿಪೇರಿಯ ಕೆಲಸ. ಪೋರ್ಟ್ ಕ್ರೆಡಿಟ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ನಾನು, ನನ್ನ ಹೆಂಡತಿ, ಆಮೇಲೆ ಮಗಳು. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ, ಮೈ ಗಿಡ್ಡ, ಕುತ್ತಿಗೆ ದಪ್ಪ. ಆ ಕುತ್ತಿಗೆ ನೋಡಿಯೇ ಜೊತೆ ಕೆಲಸಗಾರನೊಬ್ಬ ತಮ್ಮ ಕ್ಲಬ್ಬಿನ ಮೂರನೇ ದರ್ಜೆಯ ತಂಡಕ್ಕೆ ಎಳೆದುಕೊಂಡು ಹೋದ. ಅವರು ನನ್ನನ್ನು ಪ್ರಾಪ್ ಮಾಡಿದರು. ಎರಡೂ ಕಡೆಯ ಎಂಟೆಂಟು ಜನ ಬಗ್ಗಿ ತಲೆಗೆ ತಲೆ ಕೊಟ್ಟು ತಳ್ಳುತ್ತಾರೆ, ಅದಕ್ಕೆ ಸ್ಕ್ರಮ್ ಅನ್ನುತ್ತಾರೆ. ಅದರ ಮುಂದಿನ ಸಾಲಿನ ತುದಿಯಲ್ಲಿ ಭಾರ ಹೊರುವವನು ಪ್ರಾಪ್. ಬುದ್ಧಿಗಿಂತ ಕುತ್ತಿಗೆ ಮುಖ್ಯವಾದ ಕೆಲಸ.

ನಮ್ಮ ಕಬಡ್ಡಿಯಲ್ಲಿ ಎಲ್ಲರೂ ಸತ್ಯವಂತರಿದ್ದರು ಎಂದು ನಾನು ಕೊಚ್ಚಿಕೊಳ್ಳುವುದಿಲ್ಲ. ಹಿಡಿತ ಜಾರಲಿ ಅಂತ ತೊಡೆಗೆ ಎಣ್ಣೆ ತಿಕ್ಕಿಕೊಂಡು ಬರುತ್ತಿದ್ದರು. ನಾನೂ ಒಮ್ಮೆ ತಿಕ್ಕಿಕೊಂಡಿದ್ದೆ. ಉಗುರು ಬೆಳೆಸಿಕೊಂಡು ಬರುವವರಿದ್ದರು. ಆದರೆ ಎದುರಾಳಿಯ ಬೆರಳು ತಾಗಿದರೆ ಅಂಪೈರು ಹೇಳುವ ಮೊದಲೇ ಕೈ ಎತ್ತಿ ಅಂಗಳದಿಂದ ಹೊರಗೆ ಬರುವ ರೂಢಿಯೂ ಅಲ್ಲೇ ಇತ್ತು. ಕೈ ಎತ್ತದೆ ನಿಂತವನನ್ನು ಸುತ್ತ ಕೂತ ಜನ ಸಂಜೆಯವರೆಗೂ ಆಡಿಕೊಳ್ಳುತ್ತಿದ್ದರು.

ರಗ್ಬಿಯ ಒಂದೇ ಒಂದು ಪದ್ಧತಿ ನನಗೆ ನಿಜವಾಗಿ ಹಿಡಿಸಿತು. ಆಟ ಮುಗಿದ ಮೇಲೆ ಯಾರ ಮೈದಾನವೋ ಅವರು ಬಂದವರಿಗೆ ಊಟ ಹಾಕಬೇಕು. ಅದರಲ್ಲೂ ನಿನ್ನ ಎದುರು ನಿಂತು ಆಡಿದವನಿಗೆ ನೀನೇ ಖುದ್ದಾಗಿ ತಟ್ಟೆ ತುಂಬಿ ತಂದುಕೊಡಬೇಕು. ಪ್ರಾಪ್‌ಗೆ ಪ್ರಾಪ್. ಒಶಾವಾದ ಆಚೆ ಕಡೆಯ ಒಂದು ಕ್ಲಬ್ಬಿನಲ್ಲಿ ನನಗೆ ಎದುರಾಗಿ ಆಡುತ್ತಿದ್ದವನು ಒಬ್ಬ ಸ್ಕೂಲ್ ಮಾಸ್ತರ. ನನಗಿಂತ ಎಂಟ್ಹತ್ತು ವರ್ಷ ದೊಡ್ಡವನು, ಕೆಂಪು ಗಡ್ಡ, ಸಣ್ಣ ದನಿ. ವರ್ಷಕ್ಕೆ ಎರಡು ಸಲ, ಅಲ್ಲೊಂದು ಇಲ್ಲೊಂದು, ನಾವು ಕಿವಿಗೆ ಕಿವಿ ತಿಕ್ಕಿಕೊಂಡು ತಳ್ಳಾಡಿ, ಆಮೇಲೆ ಎದುರುಬದುರು ಕೂತು ಉಣ್ಣುತ್ತಿದ್ದೆವು.

ಮೊದಲ ಸಲ ಅವನ ಮೈದಾನದಲ್ಲಿ ಅವನು ತಂದಿಟ್ಟ ತಟ್ಟೆಯಲ್ಲಿ ದನದ ಮಾಂಸ ಹಾಕಿದ ಚಿಲ್ಲಿ ಎಂಬ ಕಾಳಿನ ಪಲ್ಯ ಇತ್ತು. ನಾನು ತಿನ್ನುವುದಿಲ್ಲವೆಂದೆ, ಬರೀ ಬನ್ನು ತಿಂದೆ. ಮುಂದಿನ ಸಲ ಹೋದಾಗ ಅವನು ಮನೆಯಿಂದ ಡಬ್ಬಿ ತಂದಿದ್ದ. ಅದರಲ್ಲಿ ಮಾಂಸವಿಲ್ಲದ ಚಿಲ್ಲಿ, ನಮ್ಮ ರಾಜ್ಮಾದಂಥದ್ದು, ಖಾರವನ್ನೂ ಜಾಸ್ತಿ ಹಾಕಿಸಿದ್ದ. ಅಲ್ಲಿಂದ ಪ್ರತಿ ವರ್ಷವೂ ಡಬ್ಬಿ ಬಂತು. ನನ್ನ ಸ್ವಂತ ಕ್ಲಬ್ಬಿನಲ್ಲಿ ಆರು ವರ್ಷವಾದರೂ ಅಡುಗೆ ಮಾಡುವವರಿಗೆ ನಾನು ಏನು ತಿನ್ನುವುದಿಲ್ಲ ಎಂಬುದು ನೆನಪಿರಲಿಲ್ಲ, ಆ ಮಾತು ಬೇರೆ. ಒಮ್ಮೆ ಉಣ್ಣುತ್ತ ಅವನು, ಇವತ್ತು ನನ್ನ ಜರ್ಸಿಯನ್ನು ನೀನು ಮೂರು ಸಲ ಕೆಳಕ್ಕೆ ಜಗ್ಗಿದೆ, ನಾನು ಎಣಿಸಿದ್ದೇನೆ ಎಂದ. ನಾಲ್ಕು ಎಂದೆ. ಇಬ್ಬರೂ ನಕ್ಕೆವು. ಜರ್ಸಿ ಜಗ್ಗುವುದು ಕಿತಾಪತಿ. ಅದನ್ನು ತಟ್ಟೆಯ ಎದುರು ಕೂತು ಹೇಳಿಕೊಳ್ಳಬಹುದು. ಹೇಳಿಕೊಳ್ಳಲಾಗದ್ದು ಯಾವುದೋ ಅದೇ ಹೊಲಸು ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡಿದ್ದೆ.

ಎರಡು ಸಾವಿರದ ಒಂದರಲ್ಲಿ ನನ್ನ ಮಂಡಿ ಹೋಯಿತು. ಯಾರೂ ಮುರಿಯಲಿಲ್ಲ, ತಾನಾಗಿಯೇ ತಿರುಚಿಕೊಂಡಿತು. ಆಟ ಬಿಟ್ಟೆ, ಶನಿವಾರ ಬಿಡಲಿಲ್ಲ. ಡೈ ರಿಪೇರಿಯವನ ಕೈ ನೋಡು, ನಡುಗುವುದೇ ಇಲ್ಲ ಅಂತ ಹುಡುಗರಿಗೆಲ್ಲ ಟೇಪು ಸುತ್ತುವ ಕೆಲಸ ನನಗೆ ಬಂತು. ಕಿವಿಗೆ, ಮಣಿಕಟ್ಟಿಗೆ, ಬೆರಳಿಗೆ. ಅದರ ಜೊತೆ ಬಾವುಟವನ್ನೂ ಕೈಗೆ ಕೊಟ್ಟರು. ನಮ್ಮಂಥ ಕೆಳದರ್ಜೆಯ ಆಟಕ್ಕೆ ಒಬ್ಬನೇ ರೆಫರಿ ಬರುತ್ತಾನೆ. ಪಕ್ಕದ ಎರಡು ಗೆರೆಗಳಿಗೆ ಒಂದೊಂದು ಕ್ಲಬ್ಬು ತನ್ನ ಒಬ್ಬೊಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಚೆಂಡು ಗೆರೆ ದಾಟಿತೇ ಇಲ್ಲವೇ, ಗೋಲಿಗೆ ಒದ್ದದ್ದು ಕಂಬಗಳ ನಡುವೆ ಹೋಯಿತೇ ಇಲ್ಲವೇ, ಇಷ್ಟು ಹೇಳುವುದು ಅವನ ಕೆಲಸ. ಒಳಗೆ ಯಾರು ಯಾರಿಗೆ ಹೊಡೆದರೂ ಕ್ಲಬ್ಬಿನ ಬಾವುಟದವನು ಬಾವುಟ ಎತ್ತುವ ಹಾಗಿಲ್ಲ. ತನ್ನವರ ಪಕ್ಷ ವಹಿಸಿ ಸುಳ್ಳು ಹೇಳಿಯಾನು ಎಂಬ ಭಯಕ್ಕೆ ಮಾಡಿದ ನಿಯಮವಂತೆ. ಆ ನಿಯಮ ಮಾಡಿದವರಿಗೆ ನನ್ನಂಥವರ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ನಮ್ಮ ಕ್ಯಾಪ್ಟನ್ ಬಗ್ಗೆ ಹೇಳಬೇಕು. ಅಡುಗೆಮನೆಯ ಕಪಾಟು ಮಾಡಿಸಿ ಮಾರುವ ವ್ಯಾಪಾರ ಅವನದು. ಬಾಯಿ ತುಂಬ ನಗು. ನಾವು ಬೇಸ್‌ಮೆಂಟು ಬಿಟ್ಟು ಅಪಾರ್ಟ್‌ಮೆಂಟಿಗೆ ಹೋದಾಗ ತನ್ನ ಟ್ರಕ್ಕು ತಂದು, ಸೋಫಾವನ್ನು ಒಬ್ಬನೇ ಹೊತ್ತು ಮೂರು ಮಹಡಿ ಹತ್ತಿದ್ದ. ಆರು ವರ್ಷ ಪ್ರತಿ ಶನಿವಾರ ಪೋರ್ಟ್ ಕ್ರೆಡಿಟ್ ಸ್ಟೇಶನ್ನಿನ ಹತ್ತಿರ ನನ್ನನ್ನು ಕಾರಿಗೆ ಹತ್ತಿಸಿಕೊಂಡು ಹೋದವನೂ ಅವನೇ. ರಾಶಿಯ ತಳದಲ್ಲಿ ಅವನ ಕೈ ಎಲ್ಲೆಲ್ಲಿ ಹೋಗುತ್ತದೆ ಎಂಬುದು ನಮ್ಮ ತಂಡಕ್ಕೆಲ್ಲ ಗೊತ್ತಿತ್ತು. ಅದನ್ನು ಅವನ ಗಟ್ಟಿತನ ಎಂದು ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯನೂ ಹೌದು, ಹೊಲಸು ಮನುಷ್ಯನೂ ಹೌದು. ಎರಡನ್ನೂ ಒಟ್ಟಿಗೆ ನೋಡುವುದು ಅನುಕೂಲವಲ್ಲವಾದ್ದರಿಂದ ಒಂದನ್ನಷ್ಟೇ ನೋಡುತ್ತಿದ್ದೆ.

ನನ್ನ ಮಂಡಿ ಹೋದ ಮುಂದಿನ ವರ್ಷ, ಸೀಸನ್ನಿನ ಕೊನೆಯ ಆಟ ನಮ್ಮ ಮೈದಾನದಲ್ಲಿ, ಮಾಸ್ತರನ ತಂಡದ ಮೇಲೆ. ಗೆದ್ದರೆ ನಾವು ಸೆಮಿಫೈನಲ್ಲಿಗೆ. ಬೆಳಗ್ಗೆ ಕ್ಯಾಪ್ಟನ್ ಬಲಗೈ ಚಾಚಿ ಬೆಂಚಿನ ಮೇಲೆ ಕೂತ. ತೋರುಬೆರಳು, ನಡುಬೆರಳು ಹಿಂದಿನ ವಾರ ಉಳುಕಿದ್ದವು. ಎರಡನ್ನೂ ಜೋಡಿಸಿ ಬಿಳಿ ಟೇಪು ಸುತ್ತಿದೆ, ತುದಿ ಬಿಚ್ಚಿಕೊಳ್ಳದಿರಲೆಂದು ಅದರ ಮೇಲೆ ನಮ್ಮ ವರ್ಕ್‌ಶಾಪಿನ ನೀಲಿ ಟೇಪಿನ ಒಂದು ಸುತ್ತು ಕೊಟ್ಟೆ. ಆ ನೀಲಿ ಟೇಪು ಮೈದಾನದಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಮಾಸ್ತರ ಗೆರೆಯ ಹತ್ತಿರ ಬಂದು ಕೈ ಕುಲುಕಿದ. ಮನೆಯಿಂದ ಹೆಂಡತಿಯ ಕೈಲಿ ಆಲೂಗಡ್ಡೆ ಬೋಂಡಾ ಮಾಡಿಸಿ ತಂದಿದ್ದೇನೆ, ತಟ್ಟೆ ನಾನೇ ತರುತ್ತೇನೆ ಎಂದೆ. ಈಗ ನಾನು ಅವನ ಎದುರಾಳಿಯಲ್ಲದಿದ್ದರೂ ಆ ಕೆಲಸವನ್ನು ಬಿಟ್ಟುಕೊಟ್ಟಿರಲಿಲ್ಲ.

ಆಟ ಮುಗಿಯಲು ಹತ್ತು ನಿಮಿಷವಿತ್ತು. ನಾವು ಎರಡು ಅಂಕ ಮುಂದಿದ್ದೆವು. ನಮ್ಮ ಗೋಲಿನ ಹತ್ತಿರ, ನಾನು ನಿಂತ ಗೆರೆಯಿಂದ ಎರಡೇ ಹೆಜ್ಜೆ ಒಳಗೆ ಮಾಸ್ತರ ಚೆಂಡು ಹಿಡಿದು ಬಿದ್ದ. ಮೇಲೆ ರಾಶಿ ಬಿತ್ತು. ರೆಫರಿ ಆ ಕಡೆಗಿದ್ದ. ಮಾಸ್ತರನ ಮುಖ ನನ್ನ ಕಡೆ ತಿರುಗಿತ್ತು, ಕೆನ್ನೆ ಹುಲ್ಲಿಗೆ ಒತ್ತಿತ್ತು. ಅವನ ತಲೆಯ ಮೇಲಿಂದ ಒಂದು ಕೈ ಬಂತು. ಹಣೆ ತಡವಿತು, ಹುಬ್ಬು ತಡವಿತು, ನಿಂತಿತು. ಅವಸರವೇ ಇರಲಿಲ್ಲ ಆ ಕೈಗೆ. ಆಮೇಲೆ ಬಿಳಿ ಟೇಪಿನ ಎರಡೂ ಬೆರಳು ಒಟ್ಟಿಗೆ ಎಡಗಣ್ಣಿನ ಒಳಕ್ಕೆ ಒತ್ತಿ ತಿರುಗಿದವು. ನೀಲಿ ಸುತ್ತು ನನ್ನ ಕಡೆಗೇ ಇತ್ತು. ಮಾಸ್ತರ ಕೂಗಲಿಲ್ಲ, ಮೂಗಿನಿಂದ ಒಂಥರಾ ಸದ್ದು ಹೊರಟಿತು. ಚೆಂಡು ಬಿಟ್ಟುಬಿಟ್ಟ.

ಎಲ್ಲರೂ ಎದ್ದ ಮೇಲೆ ಅವನೊಬ್ಬ ಏಳಲಿಲ್ಲ. ಕಣ್ಣಿಗೆ ಒತ್ತಿಕೊಂಡ ಬೆರಳುಗಳ ಸಂದಿಯಿಂದ ರಕ್ತ ಬರುತ್ತಿತ್ತು. ಅವನ ತಂಡದವರು ರೆಫರಿಯನ್ನು ಸುತ್ತುವರಿದರು. ರೆಫರಿ ವಯಸ್ಸಾದವನು, ಒಳ್ಳೆಯವನು, ಏನೂ ನೋಡಿರಲಿಲ್ಲ. ನನ್ನ ಹತ್ತಿರ ಬಂದು ಕೇಳಿದ, ನೀನು ಇಲ್ಲೇ ಇದ್ದೆಯಲ್ಲ, ಏನಾದರೂ ನೋಡಿದೆಯಾ ಎಂದು. ಅವನ ಹಿಂದೆ ನಮ್ಮ ಕ್ಯಾಪ್ಟನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನನ್ನನ್ನು ದಿಟ್ಟಿಸಿ ಸಹ ನೋಡಲಿಲ್ಲ, ಅಷ್ಟು ನಂಬಿಕೆ.

"ನಾನು ಕ್ಲಬ್ಬಿನ ಬಾವುಟದವನು," ಎಂದೆ ನಾನು. "ಗೆರೆ ಬಿಟ್ಟು ಬೇರೇನೂ ಹೇಳುವ ಅಧಿಕಾರ ನನಗಿಲ್ಲ."

ಕಾಯಿದೆಯ ಪ್ರಕಾರ ಅದರಲ್ಲಿ ಒಂದಕ್ಷರ ತಪ್ಪಿಲ್ಲ. ರೆಫರಿಯ ಮುಖದಲ್ಲಿ ಸಮಾಧಾನವೇ ಕಂಡಿತು; ಅವನಿಗೂ ಗಲಾಟೆ ಬೇಕಿರಲಿಲ್ಲ. ಮಾಸ್ತರನನ್ನು ಅವನ ತಂಡದವನೊಬ್ಬ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಆಟ ಮುಂದುವರಿಯಿತು, ನಾವು ಗೆದ್ದೆವು, ಎರಡು ಸಾಲಾಗಿ ನಿಂತು ಉಳಿದವರಿಗೆ ಚಪ್ಪಾಳೆ ತಟ್ಟಿದೆವು. ಕ್ಯಾಪ್ಟನ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ, ಟೇಪು ಇನ್ನೂ ಬೆರಳಿಗಿತ್ತು.

ಸೋತವರು ಊಟಕ್ಕೆ ನಿಲ್ಲಲಿಲ್ಲ. ಹಾಗೆ ಹೋಗುವುದು ಈ ಆಟದಲ್ಲಿ ದೊಡ್ಡ ಅವಮಾನವಂತೆ. ಎಂಥಾ ಮಾನಗೆಟ್ಟ ಜನ, ಸೋಲನ್ನು ತಡೆದುಕೊಳ್ಳುವುದು ಗೊತ್ತಿಲ್ಲ ಎಂದು ನಮ್ಮವರು ಬೈದುಕೊಂಡರು. ಕಣ್ಣು ಕಿತ್ತವರು ನಾವು, ಮರ್ಯಾದೆ ಗೊತ್ತಿಲ್ಲದವರು ಅವರು. ಬಿಯರ್ ಒಳಗೆ ಹೋದ ಮೇಲೆ ಕ್ಯಾಪ್ಟನ್ ಒಂದು ಕಣ್ಣಿನ ಮೇಲೆ ಕೈಯಿಟ್ಟು, ಗೋಡೆ ತಡವುತ್ತ ನಡೆದು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ ಎಂದು ಬರೆದುಕೊಂಡರೆ ಚೆನ್ನಾಗಿರುತ್ತದೆ. ನಕ್ಕೆ. ಜೋರಾಗಿ ನಗಲಿಲ್ಲ, ಅಷ್ಟೆ. ಬೋಂಡಾಗಳನ್ನು ನಮ್ಮವರೇ ತಿಂದು ಮುಗಿಸಿದರು.

ಹತ್ತು ಹದಿನೈದು ದಿನಕ್ಕೆ ಸುದ್ದಿ ಬಂತು. ಮಾಸ್ತರನ ಕಣ್ಣಿನ ಒಳಪದರ ಹರಿದಿದೆ, ಆಪರೇಶನ್ ಆಗಿದೆ, ಆ ಕಣ್ಣಿನಲ್ಲಿ ಇನ್ನು ಮಂಜು ಮಂಜಾಗಿ ಕಾಣುತ್ತದೆಯೇ ಹೊರತು ಮೊದಲಿನಂತಾಗುವುದಿಲ್ಲ. ಅವನ ಕ್ಲಬ್ಬು ದೂರು ಕೊಟ್ಟಿತ್ತು. ರಗ್ಬಿ ಸಂಘದ ಶಿಸ್ತು ಸಮಿತಿಯವರು ಹತ್ತಿರದಲ್ಲಿದ್ದವರ ಲಿಖಿತ ಹೇಳಿಕೆ ಕೇಳಿದ್ದರು. ರಾಶಿಯಲ್ಲಿ ಬಿದ್ದಿದ್ದವರಿಗೆ ಯಾರ ಕೈ ಯಾವುದೆಂದು ಗೊತ್ತಾಗುವ ಹಾಗಿರಲಿಲ್ಲ. ಹೊರಗೆ ನಿಂತು ಕಂಡವನು ನಾನೊಬ್ಬನೇ. ಮಾಸ್ತರನಿಗೆ ಹೋದ ಕಣ್ಣು ವಾಪಸು ಬರದಿದ್ದರೂ, ಇದನ್ನು ಮಾಡಿದವನು ಇಂಥವನು ಎಂಬ ಒಂದು ಮಾತು ಸಿಗಬೇಕಾಗಿತ್ತು, ಅದು ನನ್ನ ಹತ್ತಿರವಿತ್ತು.

ಕ್ಯಾಪ್ಟನ್ ನಮ್ಮ ಮನೆಗೇ ಬಂದ. ಮಗಳಿಗೆ ಚಾಕಲೇಟು ತಂದಿದ್ದ. ನನ್ನ ಹೇಳಿಕೆಯನ್ನು ತಾನೇ ಟೈಪ್ ಮಾಡಿಸಿಕೊಂಡು ಬಂದಿದ್ದ. ನಿನಗೆ ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟ, ಅದಕ್ಕೆ ತೊಂದರೆ ಬೇಡ ಅಂತ ಎಂದ. ನಾಲ್ಕೇ ಸಾಲು: ನನ್ನ ಗಮನ ಪೂರ್ತಿಯಾಗಿ ಗೆರೆಯ ಮೇಲಿತ್ತು, ಯಾವುದೇ ಅನುಚಿತ ವರ್ತನೆ ನನ್ನ ಗಮನಕ್ಕೆ ಬರಲಿಲ್ಲ, ಆಟ ಉತ್ತಮ ಭಾವನೆಯಿಂದ ನಡೆಯಿತು. ಒಂಬತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಕೆಲಸ ಮಾಡುತ್ತಿದ್ದವನು ನಾನು. ಇಂಗ್ಲಿಷಿನ ಮಾತಿಗೆ ಮೈಯೆಲ್ಲ ಉರಿಯಿತು. ಸುಳ್ಳಿಗೆ ಉರಿಯಬೇಕಾಗಿತ್ತು, ಉರಿದದ್ದು ಇಂಗ್ಲಿಷಿಗೆ. ನಾಳೆ ಕೊಡುತ್ತೇನೆ ಎಂದು ಕಳಿಸಿದೆ.

ಹೆಂಡತಿ ಕಾಗದ ಓದಿ, ರೊಟ್ಟಿ ಹಿಟ್ಟಿನ ಕೈಯಲ್ಲೇ ಅದನ್ನು ಮೇಜಿನ ಮೇಲಿಟ್ಟಳು.

"ನೀವು ನೋಡೀರೋ ಇಲ್ಲೋ?" ಎಂದಳು.

"ನೋಡೀನಿ."

"ಮತ್ತ ಇದರಾಗ ನೋಡಿಲ್ಲ ಅಂತ ಐತಲ್ಲ."

ನಾನು ಅವಳಿಗೆ ನಿಯಮ ವಿವರಿಸಿದೆ. ಕ್ಲಬ್ಬಿನ ಬಾವುಟದವನಿಗೂ ದೊಡ್ಡ ಆಟಗಳಿಗೆ ಸಂಘವೇ ಕಳಿಸುವ ಬಾವುಟದವನಿಗೂ ಇರುವ ವ್ಯತ್ಯಾಸ, ಅಧಿಕಾರ, ಅದು ಇದು. ಒಂದು ರೊಟ್ಟಿ ಬಡಿದು, ಬೇಯಿಸಿ, ಇನ್ನೊಂದಕ್ಕೆ ಹಿಟ್ಟು ನಾದುವವರೆಗೂ ಕೇಳಿಸಿಕೊಂಡಳು.

"ಇಷ್ಟೆಲ್ಲಾ ಕಾಯ್ದೆ ಗೊತ್ತಿದ್ದವರಿಗೆ ಎರಡ ಸಾಲು ಖರೇ ಬರಿಯಾಕ ಆಗಂಗಿಲ್ಲೇನು?" ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನನಗೆ ಜಗಳ ತೆಗೆಯಲು ಅನುಕೂಲವಾಗುತ್ತಿತ್ತು.

ನಾನು ಸಹಿ ಹಾಕಿದೆ. ಕ್ಯಾಪ್ಟನ್ ಸೋಫಾ ಹೊತ್ತಿದ್ದ, ಟ್ರಕ್ಕು ತಂದಿದ್ದ, ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವ ಹದಿನೈದು ಜನ ಆ ಕ್ಲಬ್ಬಿನಲ್ಲೇ ಇದ್ದರು. ಕಾರಣಗಳು ಬೇಕಾದಷ್ಟಿದ್ದವು, ಒಂದಾದರೂ ಹೇಳಿಕೊಳ್ಳುವಂಥದ್ದಲ್ಲ. ಸಾಕ್ಷಿ ಸಾಲದೆಂದು ದೂರು ಬಿದ್ದುಹೋಯಿತು. ವರ್ಷದ ಕೊನೆಯ ಪಾರ್ಟಿಯಲ್ಲಿ ನನಗೊಂದು ಬಹುಮಾನ ಕೊಟ್ಟರು, ವರ್ಷದ ಅತ್ಯುತ್ತಮ ಕ್ಲಬ್ಬು ಬಂಧು ಅಂತ, ತವರದ ಒಂದು ಮಗ್ಗು. ಕೊಟ್ಟವನು ಕ್ಯಾಪ್ಟನ್. ಮನೆಯಲ್ಲಿ ಮಗಳು ಅದನ್ನು ತಿರುಗಿಸಿ ನೋಡಿ, "ವಾಟ್ ಡಿಡ್ ಯು ಡೂ, ಅಪ್ಪಾ?" ಎಂದು ಕೇಳಿದಳು. ಬಾವುಟ ಹಿಡಿದಿದ್ದೆ ಎಂದೆ. ಆ ಮಗ್ಗಿಗೆ ಸ್ಕ್ರೂ ಮೊಳೆಗಳನ್ನು ತುಂಬಿ ಟೂಲ್ ಬಾಕ್ಸಿನ ಪಕ್ಕ ಇಟ್ಟೆ.

ಮುಂದಿನ ಬೇಸಿಗೆಯಲ್ಲಿ ನಮ್ಮ ಆಟ ಮಾಸ್ತರನ ಮೈದಾನದಲ್ಲಿ ಬಂತು. ಹೋಗಬಾರದೆಂದುಕೊಂಡೆ, ಹೋದೆ. ನೋಡಿದರೆ ಎದುರಿನ ಗೆರೆಯ ಮೇಲೆ ಅವರ ಬಾವುಟ ಹಿಡಿದು ನಿಂತವನು ಅವನೇ. ಕಣ್ಣಿನಿಂದಾಗಿ ಇನ್ನು ಆಡುವ ಹಾಗಿರಲಿಲ್ಲ. ಎಡಗಡೆಯದು ಕಾಣಬೇಕಾದರೆ ಪೂರ್ತಿ ಕುತ್ತಿಗೆ ತಿರುಗಿಸುತ್ತಿದ್ದ. ಒಂದೂವರೆ ತಾಸು ಮೈದಾನದ ಆಚೆ ಅವನು, ಈಚೆ ನಾನು. ನಮ್ಮ ಕ್ಯಾಪ್ಟನ್ ನಡುವೆ ಓಡಾಡಿಕೊಂಡಿದ್ದ, ಆರಾಮಾಗಿ.

ಊಟದ ಹೊತ್ತಿಗೆ ನಾನು ಕಾರಿನ ಹತ್ತಿರವೇ ನಿಂತಿದ್ದೆ. ಮಾಸ್ತರ ಅಲ್ಲಿಗೇ ತಟ್ಟೆ ಹಿಡಿದು ಬಂದ. ಬಾವುಟದವರೂ ಎದುರಾಳಿಗಳೇ ಅಲ್ಲವೇ ಎಂದ. ತಟ್ಟೆಯಲ್ಲಿ ಬನ್ನು, ಪಕ್ಕದಲ್ಲಿ ಡಬ್ಬಿ. ಡಬ್ಬಿಯ ಮುಚ್ಚಳ ಅವನೇ ತೆಗೆದ. ಮಾಂಸವಿಲ್ಲದ ಚಿಲ್ಲಿ, ಇನ್ನೂ ಬಿಸಿಯಿತ್ತು.

ತಟ್ಟೆ ಕೈಲಿ ಹಿಡಿದೇ, "ನಾನು ನೋಡಿದ್ದೆ," ಎಂದೆ.

"ಗೊತ್ತು," ಎಂದ ಅವನು. "ಇನ್ನೊಂದು ಕಣ್ಣು ತೆರೆದೇ ಇತ್ತಲ್ಲ. ಅದಕ್ಕೆ ಕಾಣುತ್ತಿದ್ದವನು ನೀನೇ."

ಈಗಲಾದರೂ ಸಮಿತಿಗೆ ಬರೆಯುತ್ತೇನೆ ಎಂದೆ. ಅವರು ಫೈಲು ಮುಚ್ಚಿದ್ದಾರೆ ಎಂದ. ಎಲ್ಲರ ಹೇಳಿಕೆಗಳನ್ನು ತನಗೂ ಕಳಿಸಿದ್ದರಂತೆ, ನನ್ನದನ್ನೂ ಓದಿದ್ದನಂತೆ. ಆರು ವರ್ಷ ನಿನ್ನ ಮಾತು ಕೇಳಿದ್ದೇನೆ, ಅದು ನಿನ್ನ ಇಂಗ್ಲಿಷ್ ಅಲ್ಲ ಎಂದು ಮೊದಲ ಸಾಲಿಗೇ ತಿಳಿಯಿತು ಎಂದ. ಸಹಿ ನಿನ್ನದೇ ಇತ್ತು ಎಂದೂ ಹೇಳಿದ, ಅದೇ ಸಣ್ಣ ದನಿಯಲ್ಲಿ. ಬೈಯಲಿಲ್ಲ. ಬೈದಿದ್ದರೆ ನಾನು ತಟ್ಟೆ ಕೆಳಗಿಟ್ಟು ಹೊರಟುಬಿಡಬಹುದಿತ್ತು.

"ತಿನ್ನು, ಆರಿಹೋಗುತ್ತದೆ," ಎಂದು ಹೇಳಿ ಕ್ಲಬ್ಬಿನ ಬಾಗಿಲ ಕಡೆ ನಡೆದ. ಎಡಗಡೆಯಿಂದ ಬಂದ ಒಂದು ಕಾರನ್ನು ಕಾಣದೆ ಎರಡು ಹೆಜ್ಜೆ ಮುಂದೆ ಹೋಗಿ, ಹಾರ್ನು ಕೇಳಿ ನಿಂತ.

ಆ ದಿನವೇ ಬಾವುಟ ಬಿಟ್ಟೆ, ಕ್ಲಬ್ಬು ಬಿಟ್ಟೆ. ಈ ಆಟದ ಹೊಲಸಿನ ಬಗ್ಗೆ ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ: ಕಚ್ಚಿದವರು, ತುಳಿದವರು, ಕಣ್ಣಿಗೆ ಬೆರಳು ಹಾಕಿದವರು. ಹೇಳುವಾಗೆಲ್ಲ ಅಸಹ್ಯದಿಂದ ಮುಖ ಕಿವುಚುತ್ತೇನೆ, ಕೇಳಿದವರೂ ಕಿವುಚುತ್ತಾರೆ. ಅವನು ಕೊಟ್ಟ ತಟ್ಟೆಯನ್ನು ಏನು ಮಾಡಿದೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ ನಾನು. ಕಾರಿಗೆ ಒರಗಿ ನಿಂತು ಪೂರ್ತಿ ತಿಂದೆ, ಡಬ್ಬಿಯ ತಳವನ್ನು ಬನ್ನಿನಿಂದ ಒರೆಸಿಕೊಂಡು ತಿಂದೆ. ರುಚಿಯಾಗಿತ್ತು.